ಖನಿಜ ತೈಲದ ಬೆನ್ನು ಹತ್ತಿದ ಪ್ರಯೋಗಾಲಯ

ಅಡುಗೆ ಎಣ್ಣೆಗೆ ಅಗ್ಗದ ಖನಿಜ ತೈಲ ಬೆರೆಸುವ ಮೋಸವನ್ನು ಹಿಡಿಯಲು ರಸಾಯನಶಾಸ್ತ್ರ ಮೊದಲು ನೆಚ್ಚಿದ್ದು ಸಾಬೂನಿನ ಗುಣವನ್ನು. ಕಡಲೆಕಾಯಿ, ಎಳ್ಳು, ಕೊಬ್ಬರಿ ಎಣ್ಣೆಗಳನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿದ ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನೊಂದಿಗೆ ಕುದಿಸಿದರೆ ಅವು ಸಾಬೂನಾಗುತ್ತವೆ. ಪೆಟ್ರೋಲಿಯಂ ಮೂಲದ ತೈಲ ಆಗುವುದಿಲ್ಲ. ಕುದಿಸಿದ ದ್ರಾವಣಕ್ಕೆ ಬಿಸಿನೀರನ್ನು ನಿಧಾನವಾಗಿ ಸುರಿದಾಗ ಶುದ್ಧ ಎಣ್ಣೆಯದು ತಿಳಿಯಾಗಿಯೇ ಉಳಿಯುತ್ತದೆ, ಖನಿಜ ತೈಲವಿದ್ದರೆ ಕದಡುತ್ತದೆ. ಜರ್ಮನಿಯ ಎಣ್ಣೆತಜ್ಞ ಡೇವಿಡ್ ಹೋಲ್ಡೆಯ ಹೆಸರಿನ ಈ ಪರೀಕ್ಷೆ ಭಾರತದ ಆಹಾರ ಪ್ರಯೋಗಾಲಯಗಳ ಕೈಪಿಡಿಯಲ್ಲೂ ಇದೆ. ದುಬಾರಿ ಯಂತ್ರ ಬೇಡದ, ಬಹಳ ಉಪಯುಕ್ತವಾದ ವಿಧಾನವಿದು. ಆದರೆ ಅದು ಹಿಡಿಯುವುದು ಬೇಕೆಂದೇ ಬೆರೆಸಿದ್ದನ್ನು. ಯಾರಿಗೂ ತಿಳಿಯದೆ ಆಹಾರಕ್ಕೆ ಒಸರಿದ ಅತ್ಯಲ್ಪ ಅಂಶ ಅದರ ಕಣ್ಣಿಗೆ ಬೀಳದು.

ಹಾಗೆ ಒಸರುವ ಒಂದು ದಾರಿ ಗೋಣಿಚೀಲ. ಸೆಣಬಿನ ನಾರು ಬಿರುಸು. ನೂಲುವ ಮೊದಲು ಅದನ್ನು ಎಣ್ಣೆ, ನೀರು ಹಾಕಿ ಮೆತ್ತಗೆ ಮಾಡಬೇಕು. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಡಂಡೀ ಗಿರಣಿಗಳು ಇದಕ್ಕೆ ತಿಮಿಂಗಿಲದ ಎಣ್ಣೆ ಬಳಸಿದವು. ಆ ಊರು ತಿಮಿಂಗಿಲ ಬೇಟೆಯ ಬಂದರೂ ಆಗಿತ್ತು. ಬೇಟೆ ಇಳಿಮುಖವಾದ ಮೇಲೆ ಖನಿಜ ತೈಲ ಬಂತು. ಆ ತೈಲ ಮೆತ್ತಿದ ಚೀಲಗಳಲ್ಲೇ ಕಾಫಿ, ಕೋಕೋ, ಅಕ್ಕಿ ಹಡಗು ಹತ್ತಿದವು.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಾಂತ್ಯದ ಪ್ರಯೋಗಾಲಯದಲ್ಲಿ ಕೋನಿ ಗ್ರೋಬ್ ಮತ್ತು ಸಂಗಡಿಗರು ಇದನ್ನು ಬಯಲಿಗೆಳೆದರು. ಅವರ ವರದಿ 1991ರಲ್ಲಿ ಪ್ರಕಟವಾಯಿತು. ದ್ರವ ಕ್ರೊಮ್ಯಾಟೋಗ್ರಫಿ ಯಂತ್ರವನ್ನು ಅನಿಲ ಕ್ರೊಮ್ಯಾಟೋಗ್ರಫಿ ಯಂತ್ರಕ್ಕೆ ನೇರವಾಗಿ ಜೋಡಿಸಿದ್ದು ಅವರ ಹೆಚ್ಚುಗಾರಿಕೆ. ಮೊದಲನೆಯದು ಆಹಾರದ ಕೊಬ್ಬನ್ನು ಬೇರ್ಪಡಿಸುತ್ತದೆ, ಎರಡನೆಯದು ಉಳಿದ ಹೈಡ್ರೋಕಾರ್ಬನ್‌ಗಳನ್ನು ಅಳೆಯುತ್ತದೆ. ಖನಿಜ ತೈಲದಲ್ಲಿ ಬಿಡಿಸಲಾಗದಷ್ಟು ಬಗೆಯ ಅಣುಗಳಿರುವುದರಿಂದ ನಕ್ಷೆಯಲ್ಲಿ ಚೂಪು ಶಿಖರಗಳ ಬದಲು ಅಗಲವಾದ ದಿಬ್ಬ ಮೂಡುತ್ತದೆ. ಅನಿಲ ಯಂತ್ರದ ಕೊನೆಯಲ್ಲಿರುವ ಜ್ವಾಲೆಯ ಶೋಧಕ ಎಲ್ಲ ಹೈಡ್ರೋಕಾರ್ಬನ್‌ಗಳಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸ್ಪಂದಿಸುವುದರಿಂದ ಆ ದಿಬ್ಬದ ವಿಸ್ತೀರ್ಣದಿಂದಲೇ ತೈಲದ ಒಟ್ಟು ಪ್ರಮಾಣ ಸಿಗುತ್ತದೆ. ಇಷ್ಟಾದರೂ ಇದು ಸುಲಭದ ಕೆಲಸವಲ್ಲ. ಗಿಡಗಳ ಮೇಣ, ಆಲಿವ್ ಎಣ್ಣೆಯ ಸ್ಕ್ವಾಲೀನ್‌ನಂಥ ಸಹಜ ಪದಾರ್ಥಗಳು ನಡುವೆ ಬಂದು ಲೆಕ್ಕ ಕೆಡಿಸುತ್ತವೆ. ಅವನ್ನು ಮೊದಲೇ ತೆಗೆಯಬೇಕು.

1998ರಲ್ಲಿ ಅಂತರರಾಷ್ಟ್ರೀಯ ಸೆಣಬು ಸಂಸ್ಥೆ ಆಹಾರದ ಚೀಲಗಳಿಗೆ ಮಾನದಂಡ ರೂಪಿಸಿತು. ಅಂಥ ಚೀಲಗಳ ನಾರಿಗೆ ಅಕ್ಕಿತೌಡಿನ ಎಣ್ಣೆಯಂಥ ಸಸ್ಯತೈಲ ಬಂತು. ಕೊಡಗು, ಚಿಕ್ಕಮಗಳೂರಿನ ಕಾಫಿಯೂ ಗೋಣಿಯಲ್ಲೇ ಹೊರದೇಶಕ್ಕೆ ಹೋಗುವುದರಿಂದ ಬದಲಾವಣೆ ಇಲ್ಲಿಯ ಬೆಳೆಗಾರರಿಗೂ ಸಂಬಂಧಿಸಿದ್ದು.

ಅನಂತರ ಅನುಮಾನ ತಿರುಗಿದ್ದು ರಟ್ಟಿನ ಪೆಟ್ಟಿಗೆಯತ್ತ. ಹಳೆಯ ಸುದ್ದಿಪತ್ರಿಕೆಗಳ ಶಾಯಿಯಲ್ಲಿದ್ದ ತೈಲ ಮರುಬಳಕೆಯ ರಟ್ಟಿನಲ್ಲಿ ಉಳಿದು, ಆವಿಯಾಗಿ ಒಳಗಿನ ಒಣ ಆಹಾರ ಸೇರುತ್ತಿತ್ತು. 2009ರಲ್ಲಿ ಜ್ಯೂರಿಕ್ ತಂಡ ಸಂತೃಪ್ತ ಮತ್ತು ಅರೋಮ್ಯಾಟಿಕ್ ಅಂಶಗಳನ್ನು ಬೇರೆಬೇರೆಯಾಗಿ ಅಳೆಯುವ ವಿಧಾನ ಪ್ರಕಟಿಸಿತು. ಈ ವಿಂಗಡಣೆಯ ಮಹತ್ವ ದೊಡ್ಡದು: ಮೂರು ಅಥವಾ ಹೆಚ್ಚು ಉಂಗುರಗಳ ಅರೋಮ್ಯಾಟಿಕ್ ಅಣುಗಳು ವಂಶವಾಹಿಗೆ ಹಾನಿ ಮಾಡಿ ಕ್ಯಾನ್ಸರ್ ತರಬಲ್ಲವು. 2022ರಲ್ಲಿ ಐರೋಪ್ಯ ಒಕ್ಕೂಟದ ದೇಶಗಳು ಅರೋಮ್ಯಾಟಿಕ್ ಅಂಶಕ್ಕೆ ಕೊಬ್ಬು ಕಡಿಮೆಯಿರುವ ಒಣ ಆಹಾರದಲ್ಲಿ ಕಿಲೋಗೆ 0.5 ಮಿಲಿಗ್ರಾಂ, ಎಣ್ಣೆ-ಕೊಬ್ಬುಗಳಲ್ಲಿ 2 ಮಿಲಿಗ್ರಾಂ ಮಿತಿಯನ್ನು ಒಪ್ಪಿಕೊಂಡವು.

ಭಾರತದಲ್ಲಿ 2018ರ ಪ್ಯಾಕೇಜಿಂಗ್ ನಿಯಮಗಳು ತಿನಿಸನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಡುವುದನ್ನು ನಿಷೇಧಿಸಿವೆ. ಬಿಸಿ ಬಜ್ಜಿಯನ್ನು ಪೇಪರ್‌ನಲ್ಲಿ ಕಟ್ಟಿಕೊಟ್ಟರೆ ಗಿರಾಕಿಗಳು ಬೇಡವೆನ್ನಬೇಕು.