ಹೆಸರು ಸಿಕ್ಕಿತು, ಹಿರಿಯರು ಸಿಕ್ಕರೇ?

ಕೊಲ್ಲಿ ನಾಡುಗಳಲ್ಲೂ ಕೆನಡಾದಲ್ಲೂ ನೆಲೆಸಿರುವ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳ ಮಕ್ಕಳು ಅಂತರಜಾಲದಲ್ಲಿ ತಮ್ಮ ವಂಶದ ಬೇರನ್ನು ಅರಸತೊಡಗಿದ್ದಾರೆ. 'ಡಿಸೋಜ' ಎಂದು ಬರೆದೊಡನೆ ಪರದೆಯ ಮೇಲೆ ಹೆಸರುಗಳ ರಾಶಿಯೇ ಮೂಡುತ್ತದೆ. ಅವರಲ್ಲಿ ನಮ್ಮವರು ಯಾರು? ಇದನ್ನು ಅರಿಯಬೇಕಾದರೆ ಆ ಹೆಸರುಗಳನ್ನು ಮೊದಲು ಯಾರು, ಏತಕ್ಕಾಗಿ ಬರೆದಿಟ್ಟರೆಂಬುದನ್ನು ತಿಳಿಯಬೇಕು.

ಗುಟ್ಟಾಗಿ ನಡೆಯುತ್ತಿದ್ದ ವಿವಾಹಗಳ ಕೇಡನ್ನು ತಡೆಯಲು 1563ರಲ್ಲಿ ಟ್ರೆಂಟ್ ಮಹಾಸಭೆಯು ವಧೂವರರ ಹಾಗೂ ಸಾಕ್ಷಿಗಳ ಹೆಸರು, ದಿನ, ಸ್ಥಳಗಳನ್ನು ಪುಸ್ತಕದಲ್ಲಿ ದಾಖಲಿಸುವಂತೆ ಧರ್ಮಕೇಂದ್ರದ ಗುರುಗಳಿಗೆ ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಮರಣದ ದಾಖಲೆಯನ್ನೂ, ಮನೆಮನೆಯ ಸದಸ್ಯರ ಪಟ್ಟಿಯನ್ನೂ ಸೇರಿಸಿತು. 1908ರಿಂದ ಒಬ್ಬರ ವಿವಾಹವನ್ನು ಅವರ ದೀಕ್ಷಾಸ್ನಾನದ ದಾಖಲೆಯಲ್ಲಿಯೂ ನಮೂದಿಸುವುದು ಕಡ್ಡಾಯವಾಯಿತು. ಪುಸ್ತಕದ ಅಂಚಿನ ಈ ಸಣ್ಣ ಬರಹ ವಂಶಾವಳಿ ಹುಡುಕುವವನಿಗೆ ನಿಧಿ ಎಂದೇ ನನ್ನ ಎಣಿಕೆ. ಮದುವೆಯಾಗಿ ಬೇರೊಂದು ಊರು ಸೇರಿದ ಹೆಣ್ಣುಮಗಳ ಜಾಡು ಅಲ್ಲಿಯೇ ಸಿಗುತ್ತದೆ.

ಇಂದು ಹೆಚ್ಚು ಬಳಕೆಯಲ್ಲಿರುವ 'ಫ್ಯಾಮಿಲಿಸರ್ಚ್' ಎಂಬ ಉಚಿತ ಮಾಹಿತಿಕೋಶ ಅಮೆರಿಕದ ಯೂಟಾದ ಮಾರ್ಮನ್ ಸಭೆಯವರದು. 1894ರಲ್ಲಿ ವಂಶಾವಳಿ ಸಂಘವೊಂದನ್ನು ಕಟ್ಟಿದ ಅವರು ಲೋಕದ ನಾನಾ ಕಡೆಯ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿಸಿದರು. ಅಂಥ ಸುಮಾರು 24 ಲಕ್ಷ ಸುರುಳಿಗಳನ್ನು ಗಣಕಕ್ಕೆ ಇಳಿಸುವ ಕಾರ್ಯ 2021ರಲ್ಲಿ ಮುಗಿಯಿತು. ಆದರೆ ಮಾರ್ಮನ್ನರು ಮೃತರ ಪರವಾಗಿ ದೀಕ್ಷಾಸ್ನಾನ ನೆರವೇರಿಸುವ ಕಾರಣ, ಧರ್ಮಕೇಂದ್ರದ ಪುಸ್ತಕಗಳನ್ನು ಅವರಿಗೆ ಒಪ್ಪಿಸಬಾರದೆಂದು ವ್ಯಾಟಿಕನ್ 2008ರಲ್ಲಿ ಸೂಚಿಸಿತು. ಆದ್ದರಿಂದ ಜಾಲದಲ್ಲಿ ಕಾಣದ ಹೆಸರು ಎಲ್ಲಿಯೂ ಇಲ್ಲವೆಂದು ತಿಳಿಯಲಾಗದು. ಅದು ಊರಿನ ದೇವಾಲಯದ ಕಪಾಟಿನಲ್ಲಿ ಇದ್ದೀತು.

ಕಂಡ ಹೆಸರೂ ಮೋಸಮಾಡಬಲ್ಲದು. 1799ರಲ್ಲಿ ಬ್ರಿಟಿಷರ ವಶವಾದ ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸಿನ ದೀಕ್ಷಾಸ್ನಾನ, ವಿವಾಹಗಳ ದಾಖಲೆಗಳನ್ನು ಹಣ ತೆತ್ತು ಜಾಲದಲ್ಲಿ ನೋಡಬಹುದು. ಅವು ಬಹುಪಾಲು ಯೂರೋಪಿಯನ್ನರು ಮತ್ತು ಅವರ ಮಿಶ್ರ ಸಂತತಿಯವು. ಅಲ್ಲಿಯ ಡಿಸೋಜ ನಮ್ಮ ಡಿಸೋಜ ಆಗಿರಬೇಕೆಂದಿಲ್ಲ. ಗೋವೆಯಲ್ಲಿ ದೀಕ್ಷೆ ಪಡೆದವರು ಜ್ಞಾನತಂದೆಯ ಅಥವಾ ಗುರುವಿನ ಕುಲನಾಮವನ್ನೇ ಇಟ್ಟುಕೊಂಡದ್ದುಂಟು. ಕುಲನಾಮ ಒಂದಾದರೆ ರಕ್ತವೂ ಒಂದೆನ್ನಲು ಬಾರದು. ತಂದೆತಾಯಿ, ಊರು, ಜ್ಞಾನಪೋಷಕರು, ಈ ಮೂರೂ ಹೊಂದಿದಾಗಲೇ ನಂಬಬೇಕು.

ಇಷ್ಟೆಲ್ಲ ಮಾಡಿದರೂ 1784ರ ಬಳಿ ದಾರಿ ಕಡಿಯುತ್ತದೆ. ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ದೇವಾಲಯಗಳು ನೆಲಸಮವಾದವು. 1799ರಲ್ಲಿ ಅವನ ಪತನದ ಬಳಿಕ ಅಳಿದುಳಿದವರು ಮರಳಿ ಬಂದರು. ಅದರಾಚೆಗೆ ನಮ್ಮಲ್ಲಿ ಅನೇಕರ ಪಾಲಿಗೆ ಇರುವುದು ಮನೆತನದ ಹೆಸರು, ಮತ್ತು ಅಜ್ಜಿಯರ ಬಾಯಲ್ಲಿ ಉಳಿದ ಪ್ರಭು, ಶೆಣೈ, ಕಾಮತ್ ಎಂಬ ಹಳೆಯ ಕುಲನಾಮಗಳು. ಅಜ್ಜಿಯನ್ನು ಕೇಳಿ ಇವನ್ನು ಬರೆದುಕೊಂಡವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ?