ಯಾರದೋ ಯುದ್ಧ, ನಮ್ಮವರ ಪಾಡು
1914–1918ರ ಮಹಾಯುದ್ಧ ಮತ್ತು ಕನ್ನಡ ನಾಡು

(ದ ವುಡ್‌ಲ್ಯಾಂಡ್ಸ್‌ನ ಕನ್ನಡ ಬಳಗದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮೊದಲನೆಯ ಮಹಾಯುದ್ಧ ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ನಿಲ್ಲುವುದು ಫ್ರಾನ್ಸಿನ ಕಂದಕಗಳು, ಜರ್ಮನಿಯ ಕೈಸರ್, ರಷ್ಯದ ಕ್ರಾಂತಿ. ಇಲ್ಲಿನ ಶಾಲೆಗಳಲ್ಲಿ ಅವರು ಓದುವುದು ಅದನ್ನೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಯುದ್ಧದ ಬೇಗೆ ಮೈಸೂರು, ಮಂಗಳೂರು, ಬೆಂಗಳೂರುಗಳನ್ನೂ ತಟ್ಟಿತ್ತೆಂಬುದು ಆ ಪುಸ್ತಕಗಳಲ್ಲಿ ಇರುವುದಿಲ್ಲ. ಹಾಗೆ ನೋಡಿದರೆ ನಾವು ನಾಡಿನಲ್ಲಿ ಓದಿದ ಪುಸ್ತಕಗಳಲ್ಲಿಯೂ ಅದಕ್ಕೆ ಸಿಕ್ಕಿದ ಜಾಗ ಕಡಿಮೆಯೇ. ಯಾವ ಕಾರಣಕ್ಕೆ ಹೊತ್ತಿಕೊಂಡಿತೆಂದು ತಿಳಿಯದ ಯುದ್ಧವೊಂದರಲ್ಲಿ ಸಿಲುಕಿದ ನಮ್ಮವರ ಪಾಡನ್ನು ಕುರಿತು ಇಂದು ಕೆಲವು ಮಾತುಗಳನ್ನು ತಮ್ಮ ಮುಂದೆ ಇಡಲು ಬಯಸುತ್ತೇವೆ.

ಕಾರ್ಮೆಲ್ ಬೆಟ್ಟದ ಕುದುರೆ ಸವಾರರು

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಮೈಸೂರಿನ ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿದ್ದರು. ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಯುದ್ಧವನ್ನು ಘೋಷಿಸುವಾಗ ಬ್ರಿಟಿಷ್ ಸರ್ಕಾರ ಭಾರತೀಯರ ಅಭಿಪ್ರಾಯವನ್ನು ಕೇಳಲಿಲ್ಲ. ಆದರೂ ಮಹಾರಾಜರು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನು ನೀಡಿದರು. ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್, ಹೈದರಾಬಾದಿನ ಅಶ್ವದಳದೊಡನೆ ಒಂದೇ ಬ್ರಿಗೇಡಿನಲ್ಲಿ ಸೇರಿ ಈಜಿಪ್ಟಿಗೆ ಹೊರಟಿತು. ಸೂಯೆಜ್ ಕಾಲುವೆಯ ಕಾವಲು ಅವರ ಮೊದಲ ಕೆಲಸ. ಆ ಬಳಿಕ ಸಿನಾಯ್ ಮರಳುಗಾಡು, ಪ್ಯಾಲೆಸ್ಟೈನ್, ಜೋರ್ಡಾನ್ ಕಣಿವೆ. ಹೀಗೆ ನಾಲ್ಕು ವರ್ಷಗಳು ಕಳೆದವು. ರಾಗಿ, ಹುರುಳಿಯ ಸೀಮೆಯಿಂದ ಹೋದವರು ನೀರಿನ ಒಂದೊಂದು ಹನಿಯನ್ನೂ ಲೆಕ್ಕ ಹಾಕಬೇಕಾದ ನೆಲದಲ್ಲಿ ತಮ್ಮ ಕುದುರೆಗಳನ್ನು ಸಾಕಿ ಉಳಿಸಿಕೊಂಡರು.

ಈ ದಳದಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಎದುರಿಗಿದ್ದ ಸೈನ್ಯ ತುರ್ಕಿಯ ಸುಲ್ತಾನನದು. ಆತ ಮುಸಲ್ಮಾನ ಜಗತ್ತಿನ ಖಲೀಫನೂ ಹೌದು. 1914ರ ನವೆಂಬರ್‌ನಲ್ಲಿ ಆತನ ಹೆಸರಿನಲ್ಲಿ ಧರ್ಮಯುದ್ಧದ ಕರೆ ಹೊರಟಿತ್ತು. ಉಣ್ಣುವ ಅನ್ನದ ಋಣ ಒಂದು ಕಡೆ, ನಂಬಿದ ಧರ್ಮದ ಸೆಳೆತ ಇನ್ನೊಂದು ಕಡೆ. ಆ ಸವಾರರ ಮನಸ್ಸಿನ ತೊಳಲಾಟವನ್ನು ಸೇನೆಯ ವರದಿಗಳಲ್ಲಿ ಹುಡುಕಿದರೆ ಸಿಗಲಾರದು. ವರದಿಗಳು ಎಣಿಸುವುದು ಬಂದೂಕುಗಳನ್ನು, ಕುದುರೆಗಳನ್ನು.

1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರಿನ ಮೇಲೆ ದಾಳಿ ನಡೆಯಿತು. ಊರಿನ ಹಾದಿಯ ಒಂದು ಪಕ್ಕದಲ್ಲಿ ಕಿಶೋನ್ ಹೊಳೆಯ ಜವುಗು, ಇನ್ನೊಂದು ಪಕ್ಕದಲ್ಲಿ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲೆ ಫಿರಂಗಿಗಳು, ಇಳಿಜಾರಿನಲ್ಲಿ ಮೆಷಿನ್ ಗನ್ನುಗಳು. ಬೆಟ್ಟವನ್ನು ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸುವ ಕೆಲಸ ಮೈಸೂರಿನ ಸವಾರರ ಪಾಲಿಗೆ ಬಂದಿತು. ಕಡಿದಾದ ಹಾದಿಯಲ್ಲಿ ಅವರು ಮೇಲೇರುತ್ತಿದ್ದಂತೆ ಜೋಧಪುರದ ಸವಾರರು ಕೆಳಗಿನ ಬಯಲಿನಲ್ಲಿ ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಶೇಖಾವತ್ ಆ ದಿನ ಮಡಿದರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಊರು ಕೈವಶವಾಯಿತು. ಸುಮಾರು 1,350 ಮಂದಿ ಸೆರೆ ಸಿಕ್ಕರು. 17 ಫಿರಂಗಿಗಳು, 11 ಮೆಷಿನ್ ಗನ್ನುಗಳು ವಶವಾದವು. ಬ್ರಿಗೇಡಿನಲ್ಲಿ ಮಡಿದವರು 8 ಮಂದಿ, ಗಾಯಗೊಂಡವರು 34 ಮಂದಿ; ಸತ್ತ ಕುದುರೆಗಳು 60. ಮೆಷಿನ್ ಗನ್ನಿನ ಯುಗದಲ್ಲಿ ಭರ್ಜಿ ಹಿಡಿದ ಸವಾರರು ಭದ್ರವಾದ ಊರೊಂದನ್ನು ಗೆದ್ದದ್ದು ಯುದ್ಧಚರಿತ್ರೆಯಲ್ಲಿ ಅಪೂರ್ವವೆಂದು ಎಣಿಕೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೊ ನಗರದ ಆಚೆ ಹರಿತಾನ್ ಎಂಬ ಹಳ್ಳಿಯ ಬಳಿ, ಮೈಸೂರು ಮತ್ತು ಜೋಧಪುರದ ಸವಾರರು ಹಿಮ್ಮೆಟ್ಟುತ್ತಿದ್ದ ತುರ್ಕಿ ಪಡೆಯ ಮೇಲೆ ಮತ್ತೆ ಬಿದ್ದರು. ಆ ಪಡೆಯ ನಾಯಕ, ಮುಂದೆ ತುರ್ಕಿಯ ರಾಷ್ಟ್ರಪಿತನೆನಿಸಿದ ಮುಸ್ತಫಾ ಕೆಮಾಲ್. ಇಲ್ಲಿ ಬ್ರಿಗೇಡಿಗೆ ಆದ ಸಾವುನೋವು ಹೈಫಾದಲ್ಲಿ ಆದುದಕ್ಕಿಂತ ಹೆಚ್ಚು. ಇದಾದ ನಾಲ್ಕೇ ದಿನಗಳಲ್ಲಿ ತುರ್ಕಿಯೊಡನೆ ಕದನವಿರಾಮದ ಒಪ್ಪಂದವಾಯಿತು. ಹೈಫಾದ ಗೆಲುವನ್ನು ನೆನೆಯುವವರು ಹರಿತಾನಿನ ಆ ದಿನವನ್ನು ನೆನೆಯುವುದಿಲ್ಲ. ಇನ್ನು ನಾಲ್ಕು ದಿನ ಕಳೆದಿದ್ದರೆ ಬದುಕಿ ಊರಿಗೆ ಮರಳಬಹುದಾಗಿದ್ದವರು ಅಲ್ಲಿ ಉಳಿದರು.

ಗಂಧದ ಕೊರಡು, ಹಂಚಿನ ಕಾರ್ಖಾನೆ

ಯುದ್ಧ ಬರಿಯ ರಣರಂಗದಲ್ಲಿ ನಡೆಯುವುದಿಲ್ಲ. ಮೈಸೂರಿನ ಶ್ರೀಗಂಧವನ್ನು ಅದುವರೆಗೆ ಹೆಚ್ಚಾಗಿ ಕೊಳ್ಳುತ್ತಿದ್ದವರು ಜರ್ಮನಿಯವರು. ಎಣ್ಣೆಯನ್ನು ಅಲ್ಲಿ ಭಟ್ಟಿ ಇಳಿಸುತ್ತಿದ್ದರು. ಹಡಗುಗಳು ನಿಂತವು, ಕೊಳ್ಳುವವರಿಲ್ಲದೆ ಕೊರಡುಗಳು ಕೋಠಿಗಳಲ್ಲಿ ರಾಶಿ ಬಿದ್ದವು, ಬೊಕ್ಕಸಕ್ಕೆ ಬರುತ್ತಿದ್ದ ಆದಾಯ ಕುಸಿಯಿತು. ಆಗ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಇಲ್ಲಿಯೇ ಎಣ್ಣೆ ತೆಗೆಯುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದ ಎಣ್ಣೆಯ ಕಾರ್ಖಾನೆಗಳು ಎದ್ದವು. ಸಾಬೂನಿನ ತಂತ್ರವನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ಊರಿಗೆ ಹೋಗಿ ಬರುವಾಗ ನಮ್ಮ ಪೆಟ್ಟಿಗೆಗಳಲ್ಲಿ ತಪ್ಪದೆ ಬರುವ ಮೈಸೂರ್ ಸ್ಯಾಂಡಲ್ ಸಾಬೂನಿನ ಹುಟ್ಟು ಹೀಗೆ ಯುದ್ಧದ ಇಕ್ಕಟ್ಟಿನಲ್ಲಿದೆ.

ಮಂಗಳೂರಿನ ಕಥೆ ಬೇರೆಯೇ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, 1894ರ ನಿಘಂಟಿನ ಕಿಟೆಲ್ ಇಬ್ಬರೂ ಆ ಮಿಷನ್ನಿನವರೇ. 1865ರಲ್ಲಿ ಅದು ಆರಂಭಿಸಿದ ಹಂಚಿನ ಕಾರ್ಖಾನೆಯೂ ನೇಯ್ಗೆಯ ಮಗ್ಗಗಳೂ ಮತಾಂತರಗೊಂಡು ಕುಲದಿಂದ ಹೊರಬಿದ್ದ ಕುಟುಂಬಗಳಿಗೆ ಅನ್ನದ ದಾರಿಯಾಗಿದ್ದವು. ಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಒಮ್ಮೆಗೇ ಶತ್ರು ದೇಶದ ಪ್ರಜೆಗಳಾದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಿ, ಬಳಿಕ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಲಾಯಿತು. ತುಳು, ಕನ್ನಡ ಕಲಿತು ಈ ನೆಲದಲ್ಲಿಯೇ ಸಾಯುವೆವೆಂದುಕೊಂಡವರು ಹಾಗೆ ಹೋದರು. ಯುದ್ಧದ ಬಳಿಕ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈ ಸೇರಿದವು. ಸಾಮ್ರಾಜ್ಯಗಳ ಜಗಳದಲ್ಲಿ ಪಾದ್ರಿಯೂ ಸೋತ, ಅವನನ್ನು ನಂಬಿದ ನೇಕಾರನೂ ಸೋತ.

ಇವೆಲ್ಲಕ್ಕೂ ಮಿಗಿಲಾದ ಹೊಡೆತ ಜ್ವರದ ರೂಪದಲ್ಲಿ ಬಂದಿತು. 1918ರ ನಡುವಿನಲ್ಲಿ ಮುಂಬಯಿಗೆ ತಲುಪಿದ ಇನ್‌ಫ್ಲುಯೆಂಜಾ ರೈಲಿನ ಹಾದಿ ಹಿಡಿದು ಒಳನಾಡಿಗೆ ಹರಡಿತು. ನಮ್ಮ ಸವಾರರು ಹೈಫಾದಲ್ಲಿ ಗೆಲ್ಲುತ್ತಿದ್ದ ದಿನಗಳಲ್ಲಿಯೇ ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ಹೆಣಗಳು ಹೊರಬೀಳುತ್ತಿದ್ದವು. 1911ರಲ್ಲಿ ಸುಮಾರು 58 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1921ರಲ್ಲಿ 60 ಲಕ್ಷವನ್ನೂ ಮುಟ್ಟಲಿಲ್ಲ. ಹತ್ತು ವರ್ಷಗಳ ಹೆರಿಗೆಗಳ ಬಹುಪಾಲನ್ನು ಸಾವು ನುಂಗಿಹಾಕಿತ್ತು. ರಣರಂಗದಿಂದ ಬದುಕಿ ಬಂದ ಸವಾರನಿಗೆ ಮನೆಯಲ್ಲಿ ಯಾರು ಉಳಿದಿದ್ದರು, ಯಾರು ಇರಲಿಲ್ಲ ಎಂಬುದನ್ನು ನಾವು ಊಹಿಸಿಕೊಳ್ಳಬೇಕಷ್ಟೆ.

ನಾವಿರುವ ನೆಲದ ಮಾತು

ಈ ಮಾತುಗಳನ್ನು ಟೆಕ್ಸಸ್‌ನಲ್ಲಿ ನಿಂತು ಆಡುವುದಕ್ಕೆ ಕಾರಣವಿದೆ. ಹ್ಯೂಸ್ಟನ್ನಿನ ಮೆಮೋರಿಯಲ್ ಪಾರ್ಕಿನಲ್ಲಿ ನಾವು ಮಕ್ಕಳೊಡನೆ ನಡೆದಾಡುತ್ತೇವೆ. ಆ ಉದ್ಯಾನ ಇರುವುದು 1917ರಲ್ಲಿ ಕಟ್ಟಿದ ಕ್ಯಾಂಪ್ ಲೋಗನ್ ಎಂಬ ಸೈನಿಕ ಶಿಬಿರದ ನೆಲದಲ್ಲಿ. ಅದರ ಕಾವಲಿಗೆ ಬಂದಿದ್ದವರು 24ನೆಯ ಪದಾತಿದಳದ ಕರಿಯ ಸೈನಿಕರು. ದೇಶದ ಸಮವಸ್ತ್ರ ತೊಟ್ಟಿದ್ದರೂ ಊರಿನಲ್ಲಿ ಅವರಿಗೆ ಸಿಕ್ಕಿದ್ದು ಅವಮಾನ ಮತ್ತು ಪೊಲೀಸರ ಏಟು. ಆಗಸ್ಟ್ 23ರ ರಾತ್ರಿ ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಬಂದೂಕು ಹಿಡಿದು ಊರಿಗೆ ನುಗ್ಗಿದರು. ಎರಡೂ ಕಡೆ ಸಾವುಗಳಾದವು. ಸೈನಿಕ ನ್ಯಾಯಾಲಯಗಳು 110 ಮಂದಿಯನ್ನು ಅಪರಾಧಿಗಳೆಂದವು; 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಮೊದಲ 13 ಮಂದಿಗೆ ಮೇಲ್ಮನವಿಯ ಅವಕಾಶವೂ ಸಿಗಲಿಲ್ಲ. ವಿಚಾರಣೆ ನ್ಯಾಯವಾಗಿರಲಿಲ್ಲವೆಂದು ಅಮೆರಿಕದ ಸೇನೆ ಒಪ್ಪಿ ಆ ತೀರ್ಪುಗಳನ್ನು ರದ್ದುಮಾಡಿದ್ದು 2023ರಲ್ಲಿ.

ಅದೇ 1917ರಲ್ಲಿ ಈ ದೇಶ ಭಾರತೀಯರಿಗೆ ಬಾಗಿಲು ಮುಚ್ಚುವ ವಲಸೆ ಕಾಯಿದೆಯನ್ನು ಮಾಡಿತು. ಪಂಜಾಬಿನಿಂದ ಬಂದು 1918ರಲ್ಲಿ ಅಮೆರಿಕದ ಸೇನೆ ಸೇರಿದ್ದ ಭಗತ್ ಸಿಂಗ್ ಥಿಂದ್ ಅವರಿಗೆ ಪೌರತ್ವದ ಹಕ್ಕಿಲ್ಲವೆಂದು ಇಲ್ಲಿನ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತಿತು. ಭಾರತದಲ್ಲಿಯೂ ಕಥೆ ಅದೇ. ಹತ್ತು ಲಕ್ಷಕ್ಕೂ ಮಿಕ್ಕಿ ಭಾರತೀಯರು ಕಡಲಾಚೆ ದುಡಿದರು. 74,000ಕ್ಕೂ ಹೆಚ್ಚು ಮಂದಿ ಸತ್ತರು. ಪ್ರತಿಫಲವಾಗಿ ಬಂದದ್ದು 1919ರ ರೌಲತ್ ಕಾಯಿದೆ, ಜಲಿಯನ್‌ವಾಲಾ ಬಾಗ್.

ಹಾಗಾದರೆ ಮೈಸೂರಿನ ಸವಾರರನ್ನು ನಾವು ಹೇಗೆ ನೆನೆಯಬೇಕು? ಅವರು ಪರರ ಸಾಮ್ರಾಜ್ಯಕ್ಕಾಗಿ ಕಾದಾಡಿದರೆಂದು ಕೆಲವರು ಅವರನ್ನು ಬದಿಗಿಟ್ಟರು. ಈಚೆಗೆ ಅವರ ಶೌರ್ಯವೊಂದನ್ನೇ ಹೊಗಳುವವರಿದ್ದಾರೆ. ಎರಡೂ ಅರ್ಧ ಸತ್ಯಗಳೆಂದು ನಮಗೆ ತೋರುತ್ತದೆ. ಶೌರ್ಯ ಅವರದು, ನಿರ್ಧಾರ ಅವರದಲ್ಲ. ಇವೆರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಅವರಿಗೆ ನ್ಯಾಯ ಸಲ್ಲುತ್ತದೆ. ಕ್ಯಾಂಪ್ ಲೋಗನ್ನಿನ ಸೈನಿಕರಿಗೂ ಸೇರಬೇಕಾದ ನ್ಯಾಯ ಅಂಥದೇ.

ದೆಹಲಿಯ ತೀನ್ ಮೂರ್ತಿಯ ಮೂವರು ಸವಾರರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವೊಂದಿದೆ. ಕಡಲಾಚೆ ಮಡಿದವರ ಹೆಸರುಗಳು ಅಲ್ಲಿವೆ. ವಾಹನಗಳ ಗದ್ದಲದ ನಡುವೆ ಹಾದುಹೋಗುವವರು ಅದರತ್ತ ತಿರುಗಿ ನೋಡುವುದು ಅಪರೂಪ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಆ ಹೆಸರುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿರಿ. ಇಲ್ಲಿಗೆ ಮರಳಿದ ಮೇಲೆ ಮೆಮೋರಿಯಲ್ ಪಾರ್ಕಿನಲ್ಲಿ ನಡೆಯುವಾಗ ಇನ್ನುಳಿದ ಕಥೆಯನ್ನು ಹೇಳಿರಿ. ಎರಡು ನೆಲಗಳ ಋಣವಿರುವ ನಮ್ಮ ಮಕ್ಕಳಿಗೆ ಎರಡೂ ನೆಲಗಳ ನೆನಪು ಸೇರಬೇಕು.