ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ನಾವು ಚಿಕ್ಕವರಿದ್ದಾಗ ಅಮ್ಮಿ ಹರಿಹರದ ಜಾತ್ರೆಯಿಂದ ಕೈಯಲ್ಲಿ ಹಿಡಿದು ಹೊಲಿಯುವ ಪುಟ್ಟ ಯಂತ್ರವೊಂದನ್ನು ಕೊಂಡು ತಂದಿದ್ದರು. ಜಾತ್ರೆಯಲ್ಲಿ ಅದು ತೆಳುವಾದ ವಾಯಿಲ್ ಬಟ್ಟೆಯ ಮೇಲೆ ಸರಸರನೆ ಓಡಿತ್ತು. ಮನೆಯಲ್ಲಿ ಅಬ್ಬಾ ಅವರ ಖಾಕಿ ಪ್ಯಾಂಟಿಗೆ ಇಟ್ಟರೆ ಮೂರನೆಯ ಹೊಲಿಗೆಗೇ ದಾರ ಗಂಟಾಗಿ ನಿಂತುಬಿಟ್ಟಿತು. ಮಾರಿದವನು ಸುಳ್ಳು ಹೇಳಿರಲಿಲ್ಲ, ತೋರಿಸಿದ್ದೆಲ್ಲ ನಿಜವೇ. ಆದರೆ ಬಟ್ಟೆಯನ್ನು ಆರಿಸಿದವನು ಅವನು. ಅದನ್ನು ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ.

ಇಂದು ಆ ಜಾತ್ರೆ ನಮ್ಮ ಜೇಬಿನ ಮೊಬೈಲಿಗೆ ಬಂದಿದೆ. ಕಳೆ ತೆಗೆಯುವ ಯಂತ್ರ, ಮಂಡಿನೋವಿನ ಎಣ್ಣೆ, ರೊಟ್ಟಿ ಒತ್ತುವ ಮಣೆ, ಎಲ್ಲವನ್ನೂ ಎರಡು ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ. ಹೀಗೆ ತೋರಿಸಿದ್ದನ್ನು ಜನ ಯಾಕೆ ನಂಬುತ್ತಾರೆ, ಯಾವಾಗ ನಂಬುವುದಿಲ್ಲ? ಈ ಪ್ರಶ್ನೆ ಹೊಸದೇನಲ್ಲ. ಅದರ ಒಂದು ಎಳೆ ನಮ್ಮ ಹರಿಹರಕ್ಕೂ ಬಂದು ತಾಗುತ್ತದೆ.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಆ ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಅವರು ಸೈಕಲ್ ಮಾರಿದ್ದಷ್ಟೇ ಅಲ್ಲ, ಹತ್ತಿ ಓಡಿಸುವುದನ್ನೂ ಕಲಿಸಿದರು. ಆದರೆ ಕಬ್ಬಿಣದ ನೇಗಿಲು ಮಾಡಿದಾಗ ರೈತರು ಹತ್ತಿರ ಸುಳಿಯಲಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂಬ ಭಯ ಅವರದು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂದು ಆ ಸಂಸ್ಥೆಯ ಚರಿತ್ರೆ ಹೇಳುತ್ತದೆ.

ಆ ರೈತರನ್ನು ಮೂಢರೆಂದು ನಗುವುದು ಸುಲಭ. ಆದರೆ ಒಂದು ಬೆಳೆ ಹೋದರೆ ಅವರ ಮನೆಯಲ್ಲಿ ಇಡೀ ವರ್ಷ ಒಲೆ ಉರಿಯುವುದು ಕಷ್ಟ. ಮಾರುವವನು ಕಳೆದುಕೊಳ್ಳುವುದು ಒಂದು ನೇಗಿಲಿನ ಬೆಲೆ, ಕೊಳ್ಳುವವನು ಕಳೆದುಕೊಳ್ಳುವುದು ವರ್ಷದ ಅನ್ನ. ಅಂಥವರಿಗೆ ನೇಗಿಲು ಎಷ್ಟು ಆಳಕ್ಕೆ ಇಳಿಯುತ್ತದೆಂದು ತೋರಿಸಿದರೆ ಸಾಲದು, ಉತ್ತ ಹೊಲದಲ್ಲಿ ಪೈರು ನಿಂತದ್ದನ್ನೂ ತೋರಿಸಬೇಕು. ಅದಕ್ಕೆ ಒಂದು ಮಳೆಗಾಲವೇ ಬೇಕು.

ಹರಿಹರದ ಕಾರ್ಖಾನೆ ಹೆಸರು ಮಾಡಿದ್ದು ಲೇತ್ ಯಂತ್ರಗಳಿಂದ. ಲೇತ್ ಬಲ್ಲವರು ಅದರ ಬಣ್ಣಕ್ಕೆ ಮರುಳಾಗುವುದಿಲ್ಲ. ಕಬ್ಬಿಣದ ಸರಳು ಕಟ್ಟಿ, ತಿರುಗಿಸಿ, ಕೆತ್ತಿಸಿ, ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಈಗ ಆ ಕಾರ್ಖಾನೆ ಇಲ್ಲ, ಅದು ಮುಚ್ಚಿ ವರ್ಷಗಳೇ ಉರುಳಿವೆ. ಆದರೆ ಅಳೆದು ಒಪ್ಪುವ ಆ ಕ್ರಮ ಅದರೊಂದಿಗೆ ಹೋಗಬೇಕಾಗಿರಲಿಲ್ಲ.

ತೋರಿಸುವ ಕೆಲಸ ಪರದೆಗೆ ಏರಿದ ಕಥೆಯಲ್ಲೂ ಕರ್ನಾಟಕಕ್ಕೆ ಪಾಲಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹದ ಮೂಲಕ ಟಿ.ವಿ. ಕಾರ್ಯಕ್ರಮಗಳು ತಲುಪಿದವು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗರು ಒಂದೆಡೆ ಕುಳಿತು ಬೇಸಾಯ, ಆರೋಗ್ಯದ ಪಾಠ ನೋಡಿದರು. ಅಲ್ಲಿದ್ದ ಕೊರತೆ ಒಂದೇ: ಟಿ.ವಿ. ಹೇಳುತ್ತಿತ್ತು, ಕೇಳುತ್ತಿರಲಿಲ್ಲ. ಅನುಮಾನ ಬಂದವನು ಅದನ್ನು ನಿಲ್ಲಿಸಿ ‘ನನ್ನದು ಎರೆಭೂಮಿ, ಇಲ್ಲಿ ನಡೆಯುತ್ತದೆಯೇ’ ಎಂದು ಕೇಳುವಂತಿರಲಿಲ್ಲ.

ಮೂರು ದಶಕಗಳ ನಂತರ, 2006ರಲ್ಲಿ, ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ‘ಡಿಜಿಟಲ್ ಗ್ರೀನ್’ ಎಂಬ ಪ್ರಯೋಗ ಶುರುವಾಯಿತು. ಅಲ್ಲಿ ಪರದೆಯ ಮೇಲೆ ಬಂದವರು ನಟರಲ್ಲ, ಆ ಸೀಮೆಯ ರೈತರೇ. ಸಂಜೆ ಊರಿನಲ್ಲಿ ಟಿ.ವಿ., ಡಿ.ವಿ.ಡಿ. ಇಟ್ಟು ತೋರಿಸುವಾಗ ಊರಿನವರೊಬ್ಬರು ಪಕ್ಕದಲ್ಲಿದ್ದು, ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿಸಿ ಚರ್ಚೆ ನಡೆಸುತ್ತಿದ್ದರು. 16 ಹಳ್ಳಿಗಳ 1470 ಮನೆಗಳಲ್ಲಿ 13 ತಿಂಗಳು ಪರೀಕ್ಷಿಸಿದಾಗ, ಹಳೆಯ ತರಬೇತಿಗಿಂತ ಏಳು ಪಟ್ಟು ಹೆಚ್ಚು ಅಳವಡಿಕೆ ಕಂಡುಬಂತು. ನೋಡುಗರು ಮೊದಲು ಕೇಳುತ್ತಿದ್ದುದು ‘ಆತ ಯಾರು, ಯಾವ ಊರಿನವನು’ ಎಂದು. ಚಿತ್ರ ಎಷ್ಟು ಸ್ಪಷ್ಟವಾಗಿದೆ ಎನ್ನುವುದಕ್ಕಿಂತ, ತೋರಿಸುವವನು ನಮ್ಮಂತೆಯೇ ನಷ್ಟದ ಭಯ ಇರುವವನೇ ಎನ್ನುವುದು ಅವರಿಗೆ ಮುಖ್ಯವಾಗಿತ್ತು.

ಈ ಗುಟ್ಟು ಮಾರುವವರಿಗೂ ಗೊತ್ತಾಗಿದೆ. ಆದ್ದರಿಂದಲೇ ಇಂದಿನ ಜಾಹೀರಾತಿನಲ್ಲಿ ಸಿನಿಮಾ ತಾರೆಯ ಪಕ್ಕದಲ್ಲೇ ಟವೆಲ್ ಹೊದ್ದ ‘ರೈತ’, ಸೆರಗು ಸಿಕ್ಕಿಸಿದ ‘ಪಕ್ಕದ ಮನೆಯ ಅಕ್ಕ’ ನಿಂತಿರುತ್ತಾರೆ. ನಮ್ಮವರಂತೆ ಮಾತಾಡುತ್ತಾರೆ, ಹಣ ಪಡೆದದ್ದನ್ನು ಹೇಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತು ಕೊಟ್ಟವರಿಗೂ ಅದಕ್ಕೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಆದರೆ ಸಾಲ ಮಾಡಿ ಯಂತ್ರ ತಂದವನಿಗೆ ಕಾಯ್ದೆ ನೆನಪಾಗುವುದು ಯಂತ್ರ ಕೆಟ್ಟು ನಿಂತ ಮೇಲೆ.

ಅದಕ್ಕೆ ಮೊದಲೇ ನೆನಪಾಗಬೇಕಾದದ್ದು ಆ ಹಳೆಯ ರೈತರ ಹಟ. ಕಬ್ಬಿಣದ ವಿಷಯದಲ್ಲಿ ಅವರು ತಪ್ಪಿದ್ದರು, ಆದರೆ ಅವಸರಪಡದಿರುವುದರಲ್ಲಿ ತಪ್ಪಿರಲಿಲ್ಲ. ಇದು ಯಾರ ಹೊಲ? ಈ ಮನುಷ್ಯನಿಗೆ ಇದರಲ್ಲಿ ಲಾಭವೇನು? ಮುಂದಿನ ಮಳೆಗಾಲದಲ್ಲಿ ಇದು ಹೇಗಿರುತ್ತದೆ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಕಾಯುವವನನ್ನು ಯಾವ ವಿಡಿಯೋ ಕೂಡ ಸುಲಭವಾಗಿ ಮೋಸಗೊಳಿಸಲಾರದು.

ಅಮ್ಮಿಯ ಆ ಹೊಲಿಗೆ ಯಂತ್ರ ಬಹುಕಾಲ ಅಟ್ಟದ ಮೇಲಿತ್ತು. ಆಮೇಲೆ ಜಾತ್ರೆಗೆ ಹೋಗುವಾಗಲೆಲ್ಲ ಅವರು ಚೀಲದಲ್ಲಿ ಖಾಕಿ ಬಟ್ಟೆಯ ಒಂದು ತುಂಡು ಇಟ್ಟುಕೊಳ್ಳುತ್ತಿದ್ದರು.